ಐವರ ಗುಡ್ಡದಲ್ಲಿ ಕುಳಿತವರು

ಸೂರಗೊಂಡನಪೇಟೆಯ ಬಸ್ ನಿಲ್ದಾಣದಲ್ಲಿ ಇಳಿದು ಪಡುವಣಕ್ಕೆ ಮುಖ ಮಾಡಿದರೆ ಕಾಣುವ ಬೋಳು ಗುಡ್ಡವೇ ಐವರ ಗುಡ್ಡ. ಅದರ ನೆತ್ತಿಯ ಮೇಲೆ ಐದು ಬಂಡೆಗಳಿವೆ. ಎರಡು ದೊಡ್ಡವು, ಒಂದು ಮುಂದಕ್ಕೆ ಬಾಗಿದ್ದು, ಎರಡು ಚಿಕ್ಕವು. ಕೆಲವು ವರ್ಷಗಳ ಹಿಂದೆ ಯಾರೋ ಉತ್ಸಾಹಿಗಳು ಗುಡ್ಡದ ಬುಡದಲ್ಲಿ ಒಂದು ಫಲಕ ನೆಟ್ಟು, ವನವಾಸದ ಕಾಲದಲ್ಲಿ ಪಾಂಡವರು ಇಲ್ಲಿ ತಂಗಿದ್ದರು ಎಂದು ಬರೆಸಿದ್ದಾರೆ. ಪಾಂಡವರು ತಂಗದ ಬಂಡೆ ಈ ನಾಡಿನಲ್ಲಿ ಒಂದಾದರೂ ಉಳಿದಿದೆಯೇ, ಹೇಳಿ! ಪಾಪ, ಅವರು ವನವಾಸಕ್ಕೆ ಬಂದಿದ್ದರೋ ಗುಡ್ಡ ಎಣಿಸಲು ಬಂದಿದ್ದರೋ. ಭೀಮ ಊಟ ಮಾಡಿದ ಜಾಗವೆಂದು ಒಂದು ತಗ್ಗನ್ನೂ ತೋರಿಸುತ್ತಾರೆ. ಅದು ನನ್ನ ಕಣ್ಣೆದುರಿಗೇ ಕಲ್ಲು ಒಡೆಯುವವರು ತೋಡಿದ ತಗ್ಗು. ಈ ಗುಡ್ಡಕ್ಕೆ ಹೆಸರು ಕೊಟ್ಟ ಐವರು ರಾಜಕುಮಾರರಲ್ಲ. ಕಂಬಳಿ ನೇಯುವ ಒಂದು ಮನೆಯವರು.

ಈ ಊರನ್ನು ಬಲ್ಲೆ ಎಂದು ಹೇಳಿಕೊಳ್ಳುವ ಹಕ್ಕು ನನಗಿದೆ. ಮೂವತ್ತಮೂರು ವರ್ಷ ಇಲ್ಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದೆ, ಮೂರು ಸಲ ಜನಗಣತಿಗೆ ಮನೆಮನೆ ಹತ್ತಿಳಿದೆ. ನಾನು ಕೊನೆಯ ಸಲ ಎಣಿಸಿದಾಗ ಊರಿನ ಜನ ಹದಿನೆಂಟು ಸಾವಿರದ ಮೇಲೆ ಕೆಲವು ನೂರು. ಕೋಟೆಬೀದಿಯಲ್ಲಿ ಕಂಬಳಿಯವರು, ಕೆಳಗೇರಿಯಲ್ಲಿ ಕುಂಬಾರರು, ದರ್ಗಾದ ಸುತ್ತ ಹಾಸಿಗೆ ತುಂಬುವ ಪಿಂಜಾರರು, ಹೊಸ ಬಡಾವಣೆಯಲ್ಲಿ ಮೇಷ್ಟರು, ಲೈನ್‌ಮನ್ನರು, ಶೇಂಗಾ ಮಿಲ್ಲಿನವರು. ಬೆಳಿಗ್ಗೆ ಆರಕ್ಕೆ ನಲ್ಲಿ ನೀರಿಗೆ ಜಗಳ, ಎಂಟಕ್ಕೆ ಮಂಡಕ್ಕಿ ಒಗ್ಗರಣೆಯ ವಾಸನೆ, ಹತ್ತಕ್ಕೆ ಎಲ್ಲರೂ ಅವರವರ ಕೆಲಸಕ್ಕೆ. ಇಂಥ ಊರಿನಲ್ಲಿ ಗಂಡಸು ತನ್ನ ವಯಸ್ಸು ಸರಿಯಾಗಿ ಹೇಳಬಹುದು, ಆದರೆ ತಾಯಿ ತನ್ನ ಮಕ್ಕಳ ಲೆಕ್ಕ ಸರಿಯಾಗಿ ಹೇಳಳು. 'ಮೂರು ಬರ್ಕೊಳ್ಳಿ ಟೀಚರ್' ಎನ್ನುತ್ತಾಳೆ, ನಾಲ್ಕನೆಯದು ಅವಳ ಸೆರಗು ಹಿಡಿದು ನನ್ನನ್ನೇ ನೋಡುತ್ತಿರುತ್ತದೆ. ಮೊದಲ ಸಲ ನಾನು ಸಿಡುಕಿದೆ. ಆಗ ಕೋಟೆಬೀದಿಯ ಮುದುಕಿಯೊಬ್ಬಳು ನನ್ನನ್ನು ಜಗುಲಿಯ ಮೇಲೆ ಕೂರಿಸಿ, ನೀರು ಕೊಟ್ಟು, ಈ ಕಥೆ ಹೇಳಿದಳು. ಅವಳು ತನ್ನ ಅತ್ತೆಯಿಂದ ಕೇಳಿದ್ದಳಂತೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಪೇಟೆಯಲ್ಲಿ ಇನ್ನೂರು ಮನೆಗಳೂ ಇರಲಿಲ್ಲವಂತೆ. ಆಗ ಇಲ್ಲಿ ಒಂದು ಪದ್ಧತಿ ಇತ್ತು. ಕೂಸಿಗೆ ಜವಳ ತೆಗೆಸುವ ತನಕ, ಅಂದರೆ ಹುಟ್ಟುಗೂದಲನ್ನು ದೇವರಿಗೆ ಒಪ್ಪಿಸುವ ತನಕ, ಅದನ್ನು ತಲೆಯ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಹೆಸರಿಟ್ಟು ಕರೆಯುತ್ತಲೂ ಇರಲಿಲ್ಲ. ಎಣಿಸಿದರೆ ಕಣ್ಣಾಗುತ್ತದೆ ಎಂಬ ಭಯ. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ವರ್ಷ ತುಂಬುವುದರೊಳಗೆ ಹೋಗುತ್ತಿದ್ದ ದಿನಗಳಲ್ಲಿ ತಾಯಂದಿರಿಗೆ ಬೇರೆ ಏನು ದಾರಿ ಇತ್ತು? ಇಂಥ ಊರಿಗೆ ದುರ್ಗದಿಂದ ಅಪ್ಪಣೆ ಬಂತು, ಮನೆಮನೆಯ ತಲೆ ಎಣಿಸಿ ಬರೆದು ಕಳಿಸಬೇಕು ಎಂದು. ಯಾಕೆ ಎಂದು ಅಪ್ಪಣೆಯಲ್ಲಿ ಇರಲಿಲ್ಲ. ಊರಿನ ಶಾನುಭೋಗ ತಿಮ್ಮರಸಯ್ಯ ಓಲೆ, ಬರೆಯುವ ಕಂಠ ಹಿಡಿದು ಬೀದಿ ಬೀದಿ ಸುತ್ತಿದ. ಒಳ್ಳೆಯ ಮನುಷ್ಯ, ಊರಿನ ರೀತಿ ಬಲ್ಲವನು. ಒಳಗೆ ತೊಟ್ಟಿಲು ಜೀಕುವ ಸದ್ದು ಕೇಳಿದರೂ, 'ನಿಮ್ಮ ಮನೆಯಲ್ಲಿ ಎಷ್ಟವ್ವಾ' ಎಂದು ಕೇಳಿ, ಅವರು ಹೇಳಿದಷ್ಟನ್ನೇ ಬರೆದುಕೊಂಡ. ಕೋಟೆಬೀದಿಯ ಮಾಳವ್ವನ ಮನೆಯಲ್ಲಿ ಅತ್ತೆ ಈರಜ್ಜಿ, ಗಂಡ ಚಿಕ್ಕೀರ, ಮಾಳವ್ವ, ಮಗಳು, ಮಗ. ಮಗ್ಗದ ಗುಂಡಿಯ ಪಕ್ಕದಲ್ಲಿ ಹತ್ತು ತಿಂಗಳ ಗಂಡುಕೂಸು ಉಣ್ಣೆಯ ಉಂಡೆ ಹಿಡಿದು ಕೇಕೆ ಹಾಕುತ್ತಿತ್ತು. ಅದರ ಜವಳಕ್ಕೆ ಇನ್ನೂ ಒಂದು ತಿಂಗಳು ಬಾಕಿ. 'ಐದೇ ಕಣಯ್ಯಾ' ಎಂದಳು ಮಾಳವ್ವ. ಶಾನುಭೋಗ ನಕ್ಕು ಐದು ಎಂದು ಬರೆದ.

ಓಲೆ ದುರ್ಗಕ್ಕೆ ಹೋಗಿ, ಮುದ್ರೆ ಬಿದ್ದು, ಇಪ್ಪತ್ತು ದಿನಕ್ಕೆ ಎರಡನೆಯ ಅಪ್ಪಣೆ ಬಂತು. ಗುಡ್ಡದ ಆಚೆ, ಎರಡು ದಿನದ ಹಾದಿಯಲ್ಲಿ, ದೊರೆ ಒಂದು ಹೊಸ ಊರು ಕಟ್ಟಿಸುತ್ತಿದ್ದಾನೆ. ಊರಿಗೆ ಗೋಡೆ ಎದ್ದಿದೆ, ಬಾವಿ ತೋಡಿದ್ದಾರೆ, ಜನ ಇಲ್ಲ. ಆರು ತಲೆ ಮತ್ತು ಅದಕ್ಕಿಂತ ಹೆಚ್ಚು ಇರುವ ಮನೆಗಳು ಪೇಟೆಯಲ್ಲೇ ಇರಲಿ, ಐದು ಮತ್ತು ಅದಕ್ಕಿಂತ ಕಡಿಮೆ ಇರುವ ಮನೆಗಳು ಹಗುರವಾದ್ದರಿಂದ ಎದ್ದು ಹೊಸ ಊರಿಗೆ ಹೋಗಲಿ. ಇದನ್ನು ಡಂಗುರದವನು ಸಾರುತ್ತಿದ್ದಂತೆ ಇಡೀ ಊರು ಬಾಯಿ ಬಾಯಿ ಬಡಿದುಕೊಂಡಿತು. ಆರಿದ್ದದ್ದನ್ನು ಐದು ಎಂದು ಹೇಳಿದ್ದ ಮನೆಗಳು ಒಂದೇ ಎರಡೇ! ತಾವೇ ತಮ್ಮ ಬಾಯಿಂದ ಹೇಳಿ ಊರು ಬಿಡುವಂತಾಯಿತಲ್ಲ ಎಂದು ಹೆಂಗಸರು ಹಣೆ ಚಚ್ಚಿಕೊಂಡರು. ತಿಮ್ಮರಸಯ್ಯ ಅಂದೇ ದುರ್ಗಕ್ಕೆ ನಡೆದು ಹೋಗಿ, ತಪ್ಪು ತನ್ನದು, ಜವಳವಾಗದ ಕೂಸುಗಳು ಲೆಕ್ಕದಿಂದ ಬಿಟ್ಟುಹೋಗಿವೆ ಎಂದು ಅಡ್ಡಬಿದ್ದ. ಅವನ ಪುಣ್ಯಕ್ಕೆ ಒಂದು ಅವಕಾಶ ಸಿಕ್ಕಿತು. ದೊರೆಯ ಪಾರುಪತ್ಯೆಗಾರ, ಅಂದರೆ ಮೇಲಿನ ಅಧಿಕಾರಿ, ತಾನೇ ಬಂದು ಕೂಸುಗಳನ್ನು ಕಣ್ಣಾರೆ ನೋಡುವನು. ಕೂಸು ಇದ್ದರೆ ಮನೆಗೆ ಒಂದು ತಲೆ ಹೆಚ್ಚು.

ಆ ಪಾರುಪತ್ಯೆಗಾರ ಕೆಟ್ಟವನಲ್ಲ ಎನ್ನುತ್ತಾರೆ. ನಡುವಯಸ್ಸಿನವನು, ಮಂಡಿನೋವಿನಿಂದ ಕುಂಟುತ್ತಿದ್ದ, ಕೊಟ್ಟ ಕೆಲಸ ಮುಗಿಸಿ ಮನೆ ಸೇರಿದರೆ ಸಾಕೆಂದು ಇದ್ದವನು. ಮೊದಲ ದಿನ ಮೇಲಿನ ಬೀದಿ ಮುಗಿಸುವ ಹೊತ್ತಿಗೆ ಅವನಿಗೆ ಒಂದು ವಿಷಯ ಹೊಳೆಯಿತು. ಬಲಗೆನ್ನೆಯ ಮೇಲೆ ಮಚ್ಚೆ ಇದ್ದ ಒಂದೇ ಕೂಸನ್ನು ತಾನು ಮೂರು ಮನೆಗಳಲ್ಲಿ ನೋಡಿದ್ದೇನೆ! ಕೂಸು ಇಲ್ಲದ ಮನೆಯವರು ಹಿತ್ತಲಿನಿಂದ ಹಿತ್ತಲಿಗೆ ಕೂಸು ಕಡ ತರುತ್ತಿದ್ದರು. ಮೊಸರಿಗೆ ಹೆಪ್ಪು ಕಡ ತರುವ ಜನ, ಕೂಸನ್ನೂ ಹಾಗೇ ತಂದರು. ನಗಬೇಡಿ. ನಿಮ್ಮನ್ನು ನಾಳೆ ಬೆಳಿಗ್ಗೆ ಎಬ್ಬಿಸಿ ಓಡಿಸುತ್ತೇನೆ ಎಂದರೆ ನೀವೂ ತರುತ್ತೀರಿ. ಪಾರುಪತ್ಯೆಗಾರ ಯಾರನ್ನೂ ಬೈಯಲಿಲ್ಲ. ಮರುದಿನ ಕೋಟೆಬೀದಿಗೆ ಬರುವಾಗ ಅಗಸರು ಬಟ್ಟೆಗೆ ಗುರುತು ಹಾಕುವ ಕರಿಗೇರಿನ ರಸವನ್ನು ಒಂದು ಕುಡಿಕೆಯಲ್ಲಿ ಹಿಡಿದು ಬಂದ. ನೋಡಿದ ಪ್ರತಿ ಕೂಸಿನ ಹಿಮ್ಮಡಿಗೆ ಒಂದು ಗೆರೆ. ಅದು ಚರ್ಮ ಸುಟ್ಟು ಕೂರುತ್ತದೆ, ತಿಕ್ಕಿದರೂ ತೊಳೆದರೂ ಹೋಗದು. ಈ ಸಂಗತಿ ಕೋಟೆಬೀದಿಗೆ ಗೊತ್ತಿರಲಿಲ್ಲ.

ಮಾಳವ್ವನ ಹಿತ್ತಲಿಗೆ ಅಂಟಿಕೊಂಡ ಹಿತ್ತಲು ಸಿದ್ದವ್ವನದು. ಇಬ್ಬರ ನಡುವಿನ ಮಣ್ಣುಗೋಡೆ ಒಂದು ಕಡೆ ಕುಸಿದು, ಬೆಂಕಿ, ಮಜ್ಜಿಗೆ, ಸಾರು ಎಲ್ಲ ಅಲ್ಲಿಂದಲೇ ಅತ್ತಿತ್ತ ಹೋಗುತ್ತಿದ್ದವು. ಸಿದ್ದವ್ವನ ಮನೆಯಲ್ಲಿ ಗಂಡ, ಹೆಂಡತಿ, ಎರಡು ಹೆಣ್ಣುಮಕ್ಕಳು, ಮತ್ತು ಮೂರು ವರ್ಷದಿಂದ ಹಾಸಿಗೆ ಹಿಡಿದ ಮಾವ ಓಬಜ್ಜ. ಕೂಸು ಇಲ್ಲ. ಐದೇ. ಗಾಡಿ ಹತ್ತಿಸಿದರೆ ಓಬಜ್ಜ ಗುಡ್ಡ ದಾಟುವುದರೊಳಗೆ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು. ಪಾರುಪತ್ಯೆಗಾರ ಬೀದಿಯ ತುದಿಗೆ ಬಂದ ಸುದ್ದಿ ಕೇಳಿ ಸಿದ್ದವ್ವ ಗೋಡೆಯ ಸಂದಿನಲ್ಲಿ ಕೈ ಚಾಚಿದಳು. 'ಅಕ್ಕಾ, ಒಂದೇ ಒಂದ್ ಗಳಿಗೆ ಕೊಡೇ. ಅವ್ರು ನಮ್ಮನೆ ನೋಡಿ ಹೊರಕ್ಕೆ ಕಾಲಿಟ್ಟ ಕೂಡ್ಲೆ ನಿನ್ ಕೈಗೆ ಹಾಕ್ತೀನಿ. ನಿಮ್ಮನೆ ಆಮೇಲೇ ತಾನೇ ಬರೋದು.' ಈರಜ್ಜಿ ಬೇಡವೆಂದು ಕಣ್ಣು ಮಾಡಿದಳಂತೆ. ಮಾಳವ್ವ ಒಳಗೆ ಓಬಜ್ಜ ಕೆಮ್ಮುವುದನ್ನು ಕೇಳಿದಳು. ಕೂಸನ್ನು ಎತ್ತಿ ಗೋಡೆಯಾಚೆ ಕೊಟ್ಟಳು.

ಒಂದು ಗಳಿಗೆಯೂ ಆಗಿರಲಿಲ್ಲ, ಆಚೆಯಿಂದ ಕೂಸು ಕಿಟಾರನೆ ಕಿರುಚಿತು. ಮಾಳವ್ವ ಗೋಡೆಯ ಬಳಿಗೆ ಓಡಿದಳು. ಸಂದಿನಲ್ಲಿ ಕೂಸು ವಾಪಸು ಬಂದಾಗ ಸಿದ್ದವ್ವನ ಮುಖದಲ್ಲಿ ರಕ್ತವಿರಲಿಲ್ಲ. ಕೂಸಿನ ಎಡ ಹಿಮ್ಮಡಿಯ ಮೇಲೆ ಕರಿ ಗೆರೆ, ಸುತ್ತ ಕೆಂಪಗೆ ಊದಿಕೊಂಡಿತ್ತು. ಮಾಳವ್ವ ಎಣ್ಣೆ ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು. ಕೂಸು ಉಸಿರು ಕಟ್ಟಿ ಅತ್ತಿತೇ ಹೊರತು ಗೆರೆ ಅಲುಗಲಿಲ್ಲ. ಅಷ್ಟರಲ್ಲಿ ಪಾರುಪತ್ಯೆಗಾರ ಬಾಗಿಲಿಗೆ ಬಂದ. ಕೂಸನ್ನು ನೋಡಿದ, ಹಿಮ್ಮಡಿ ತಿರುಗಿಸಿದ, ಕುಡಿಕೆಯನ್ನು ಕೆಳಗಿಟ್ಟ. 'ಇದನ್ನ ಆಗಲೇ ಬರೆದಾಯ್ತಲ್ಲಮ್ಮ, ಪಕ್ಕದ ಮನೇಲಿ' ಎಂದ.

ಮಾಳವ್ವ ಸುಳ್ಳು ಹೇಳಲಿಲ್ಲ. ಇದು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು, ನಾನೇ ಕೊಟ್ಟೆ, ಹೀಗಾಗುತ್ತದೆಂದು ಗೊತ್ತಿರಲಿಲ್ಲ, ನಮ್ಮ ಮನೆ ಆರು ಎಂದು ಬರೆದುಕೊಳ್ಳಿ ಎಂದು ಕಾಲು ಹಿಡಿದಳು. ಪಾರುಪತ್ಯೆಗಾರ ಸಿದ್ದವ್ವನನ್ನು ಕರೆಸಿದ. ಅವಳು ಬಂದು ಕಂಬಕ್ಕೆ ಒರಗಿ ನಿಂತಳು. ಕೂಸು ಯಾರದು ಎಂದರೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಹೇಳುವುದಾದರೂ ಏನಿತ್ತು? ಕೂಸು ಮಾಳವ್ವನ ಕತ್ತು ತಬ್ಬಿ ಹಾಲಿಗೆ ಬಾಯಿ ಹಾಕುತ್ತಿತ್ತು, ಕುರುಡನಿಗೂ ತಿಳಿಯುವಂತಿತ್ತು. ಪಾರುಪತ್ಯೆಗಾರ ಜಗುಲಿಯ ಮೇಲೆ ಕುಳಿತು ಮಂಡಿ ಒತ್ತಿಕೊಂಡ. 'ಅಮ್ಮಾ, ನನಗೂ ಕಣ್ಣಿದೆ. ಇಲ್ಲಿ ಆರು ಅಂತ ಬರೀಬೇಕಾದ್ರೆ ಅಲ್ಲಿ ಆರನ್ನ ಹೊಡೆದು ಐದು ಮಾಡ್ಬೇಕು. ಆಗ ಆ ಹಾಸಿಗೆ ಹಿಡಿದ ಯಜಮಾನನ್ನ ನಾಳೆ ಗಾಡಿಗೆ ಹಾಕ್ತಾರೆ. ಎರಡೂ ಕಡೆ ಬರೆಯೋಕೆ ಒಂದು ಕೂಸು ಎರಡಾಗಲ್ಲ. ನೀನೇ ಹೇಳು, ಹೊಡೆದುಹಾಕ್ಲಾ?'

ಓಬಜ್ಜ ಮಾಳವ್ವನ ಮದುವೆಯಲ್ಲಿ ಧಾರೆಯೆರೆದವನು, ಅವಳಿಗೆ ತಂದೆ ಇರಲಿಲ್ಲ. ಹೊಡೆದುಹಾಕಿ ಎಂಬ ಒಂದು ಮಾತು ಅವಳ ಗಂಟಲಿನಿಂದ ಹೊರಡಲೇ ಇಲ್ಲ. ಚಿಕ್ಕೀರ ಹೇಳಬಹುದಿತ್ತು, ಈರಜ್ಜಿ ಹೇಳಬಹುದಿತ್ತು. ಅವರೂ ನೆಲ ನೋಡಿದರು. ನನಗೆ ಈ ಕಥೆ ಹೇಳಿದ ಮುದುಕಿ ಇಲ್ಲಿಗೆ ಬಂದಾಗ ನನ್ನ ಮುಖ ನೋಡಿ, 'ನೀನಾಗಿದ್ರೆ ಏನ್ ಹೇಳ್ತಿದ್ದೆ ಟೀಚರವ್ವಾ' ಎಂದು ಕೇಳಿದಳು. ಪಾರುಪತ್ಯೆಗಾರ ಕಾದ, ನೋಡಿದ, ಎದ್ದು ಮುಂದಿನ ಮನೆಗೆ ಹೋದ. ಸಿದ್ದವ್ವನ ಮನೆ ಆರು, ಮಾಳವ್ವನ ಮನೆ ಐದು ಎಂದೇ ಉಳಿಯಿತು.

ಹಾಗಾದರೆ ಕೂಸನ್ನು ಎತ್ತಿಕೊಂಡು ಹೋಗಬಾರದಿತ್ತೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಎತ್ತಿಕೊಂಡೇ ಹೋದಳು. ಗುರುತು ಬಿದ್ದ ತಲೆ ಪೇಟೆಯ ತಲೆ, ಅದನ್ನು ಊರಾಚೆ ಒಯ್ದರೆ ದೊರೆಯ ಸ್ವತ್ತು ಕದ್ದಂತೆ ಎಂದು ಸಾರಿದ್ದರೂ, ಮೂರನೆಯ ದಿನ ಹೊರಡುವಾಗ ಕೂಸಿಗೆ ಹೊಟ್ಟೆ ತುಂಬ ಹಾಲು ಕುಡಿಸಿ ಮಲಗಿಸಿ, ಕಂಬಳಿಯ ಗಂಟಿನಲ್ಲಿ ಸುತ್ತಿ ತಲೆಯ ಮೇಲೆ ಹೊತ್ತಳು. ಹಾದಿ ಈ ಗುಡ್ಡದ ಮೇಲೆಯೇ ಹಾಯ್ದು ಆಚೆಗೆ ಇಳಿಯುತ್ತಿತ್ತು. ನೆತ್ತಿಯ ಬಂಡೆಗಳ ನಡುವೆ ದೊರೆಯ ಕಾವಲಿನವರು ಕುಳಿತು ಮನೆಮನೆಯವರನ್ನು ಎಣಿಸಿ ಬಿಡುತ್ತಿದ್ದರು. ಗುಡ್ಡ ಹತ್ತುವ ಬಿಸಿಲಿಗೆ ಗಂಟಿನೊಳಗೆ ಕೂಸಿಗೆ ಎಚ್ಚರವಾಯಿತು. ಕಾವಲಿನವರು ಗಂಟು ಬಿಚ್ಚಿ, ಹಿಮ್ಮಡಿ ನೋಡಿ, ಬೀಳ್ಕೊಡಲು ಹಿಂದೆಯೇ ಬಂದಿದ್ದ ಸಿದ್ದವ್ವನ ಗಂಡನ ಕೈಗೆ ಕೂಸನ್ನು ಕೊಟ್ಟರು. ಮಾಳವ್ವ ಜಗ್ಗಾಡಿದಳು, ಕೂಗಿದಳು, ಕಾವಲಿನವನ ಕೈ ಕಚ್ಚಿದಳು. ಅವನು ತಿರುಗಿ ಹೊಡೆಯಲಿಲ್ಲವಂತೆ, ಕುಡಿಯಲು ನೀರು ಕೊಟ್ಟನಂತೆ. ಆಮೇಲೆ ಅವಳು ಅಲ್ಲೇ ಕುಸಿದು ಕುಳಿತಳು. ಅವಳು ಕುಳಿತದ್ದನ್ನು ನೋಡಿ ಗಂಡ, ಅತ್ತೆ, ಇಬ್ಬರು ಮಕ್ಕಳೂ ಕುಳಿತರು. ಬೇರೆ ಮನೆಗಳ ಗಾಡಿಗಳು ಪಕ್ಕದಲ್ಲೇ ಹಾದು ಆಚೆಗೆ ಇಳಿದವು. ಇವರು ಐವರು ಪೇಟೆಯ ಕಡೆಗೆ ಮುಖ ಮಾಡಿ ಹೊತ್ತು ಮುಳುಗುವ ತನಕ ಕುಳಿತೇ ಇದ್ದರು. ಕೆಳಗೆ ಊರಿನವರು ಕೆಲಸ ಬಿಟ್ಟು ಬೀದಿಯಲ್ಲಿ ನಿಂತು ನೋಡಿದರು. ಯಾರಿಂದಲೂ ಏನೂ ಮಾಡಲಾಗಲಿಲ್ಲ.

ಕಲ್ಲಾಗಿಬಿಟ್ಟರು ಎಂದು ಕಥೆ ಕಟ್ಟುವವರೂ ಇದ್ದಾರೆ. ಕಲ್ಲಾಗಿದ್ದರೆ ಎಷ್ಟೋ ವಾಸಿಯಿತ್ತು. ಅವರು ಎದ್ದು, ಗಂಟು ಹೊತ್ತು, ಆಚೆಗೆ ಇಳಿದು ಹೋದರು. ಆ ಹೊಸ ಊರು ಮೂರು ವರ್ಷಕ್ಕೆ ಬೇನೆ ಬಂದು ಹಾಳುಬಿತ್ತು ಎನ್ನುತ್ತಾರೆ. ಅಲ್ಲಿಂದ ಪೇಟೆಗೆ ತಿರುಗಿ ಬಂದವರು ಯಾರೂ ಇಲ್ಲ. ತಿಮ್ಮರಸಯ್ಯ ಆಮೇಲೆ ಕಂಠ ಹಿಡಿಯಲಿಲ್ಲವಂತೆ. ಓಬಜ್ಜನೂ ಹೆಚ್ಚು ದಿನ ಇರಲಿಲ್ಲ, ಆ ಮಳೆಗಾಲದಲ್ಲೇ ತನ್ನ ಹಾಸಿಗೆಯ ಮೇಲೆ ತೀರಿಕೊಂಡ. ನಾಲ್ಕು ತಿಂಗಳು! ಅಷ್ಟಕ್ಕಾಗಿ ಇಷ್ಟೆಲ್ಲ ಎಂದು ನಾನು ಅಂದಾಗ ಆ ಮುದುಕಿ ನನ್ನ ಮೇಲೆ ಕೆಂಡವಾದಳು, 'ನಾಲ್ಕು ತಿಂಗ್ಳು ಬದುಕೋದು ಬದುಕಲ್ವಾ' ಎಂದು.

ಸಿದ್ದವ್ವ ಕೂಸನ್ನು ಸಾಕಿದಳು. ತಾನು ಹೆತ್ತ ಹೆಣ್ಣುಮಕ್ಕಳಿಗಿಂತ ಒಂದು ತುತ್ತು ಹೆಚ್ಚೇ ಹಾಕಿ ಸಾಕಿದಳು. ಜವಳ ತೆಗೆಸಿ ಕೆಂಚ ಎಂದು ಹೆಸರಿಟ್ಟಳು. ಅವನಿಗೆ ಮಾತು ಬಂದು, ನಮ್ಮವ್ವ ಎಲ್ಲಿ ಎಂದು ಕೇಳುವ ಕಾಲ ಬಂದೇ ಬಂತು. ಊರಿನಲ್ಲಿ ಯಾರ ಬಾಯಿಯನ್ನು ಕಟ್ಟಲು ಸಾಧ್ಯ? ಸಿದ್ದವ್ವನಿಗೆ ನಡೆದದ್ದನ್ನು ಹೇಳಲು ಧೈರ್ಯವಿಲ್ಲ, ಸುಳ್ಳು ಹೇಳಲು ಮನಸ್ಸಿಲ್ಲ. ಹಿತ್ತಲಿನಲ್ಲಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತವಳು ಗುಡ್ಡದ ನೆತ್ತಿಗೆ ಬೆರಳು ಮಾಡಿದಳು. 'ಅಗೋ, ಅಲ್ಲಿ ಕುಂತವ್ರೆ ನೋಡಪ್ಪಾ ನಿಮ್ಮೋರು. ಐದು ಜನ. ದೊಡ್ಡದು ನಿಮ್ಮಪ್ಪ, ಅದರ ಪಕ್ಕ ನಿಮ್ಮವ್ವ, ಬಾಗಿರೋದು ನಿಮ್ಮಜ್ಜಿ.' ಅಂದಿನಿಂದ ಆ ಹುಡುಗ ಉಣ್ಣುವಾಗ ಗುಡ್ಡಕ್ಕೆ ತುತ್ತು ತೋರಿಸಿ ಉಣ್ಣುತ್ತಿದ್ದ, ಹೊಸ ಕಂಬಳಿ ಹೊದ್ದರೆ ಹಿತ್ತಲಿಗೆ ಓಡಿ ಗುಡ್ಡಕ್ಕೆ ತೋರಿಸಿ ಬರುತ್ತಿದ್ದ. ಬೀದಿಯ ಮಕ್ಕಳು ಮೊದಲು ಗೇಲಿ ಮಾಡಿದವು, ಆಮೇಲೆ ಅವೂ ಐವರ ಗುಡ್ಡ ಎಂದೇ ಕರೆದವು. ಮಕ್ಕಳು ದೊಡ್ಡವರಾದರು, ಗುಡ್ಡಕ್ಕೆ ಅದೇ ಹೆಸರು ನಿಂತಿತು. ಕೆಂಚ ಮಾತ್ರ ಗುಡ್ಡ ಹತ್ತಲಿಲ್ಲ. ಸಿದ್ದವ್ವ ಬಿಡಲಿಲ್ಲ, ಅವನೂ ಹಟ ಮಾಡಲಿಲ್ಲ.

ಅವನಿಗೆ ಮದುವೆ ಗೊತ್ತಾಯಿತು. ಎಲೆ ಅಡಿಕೆ ಕೊಟ್ಟು ಊರವರನ್ನೆಲ್ಲ ಕರೆದು ಮುಗಿಸಿದ ಮೇಲೆ ಕೆಂಚ ಇನ್ನೊಂದು ತಟ್ಟೆಯಲ್ಲಿ ಐದು ಜೊತೆ ಎಲೆ, ಐದು ಅಡಿಕೆ ಇಟ್ಟುಕೊಂಡ. 'ನಮ್ಮೋರನ್ನ ಕರೆದು ಬರ್ತೀನಿ ಕಣವ್ವಾ' ಎಂದು ಹೊರಟ. ಸಿದ್ದವ್ವ ಹಿಂದೆಯೇ ಗುಡ್ಡದ ಬುಡದ ತನಕ ಬಂದು, ಅಲ್ಲೇ ನೆಲದ ಮೇಲೆ ಕುಳಿತು ಕಾದಳು. ಇಪ್ಪತ್ತು ವರ್ಷದ ಗಂಡಿಗೆ ಬಂಡೆ ಯಾವುದು, ಮನುಷ್ಯರು ಯಾರು ಎಂದು ಗೊತ್ತಾಗುವುದಿಲ್ಲವೇ? ಗೊತ್ತಿತ್ತು. ಹಿಮ್ಮಡಿಯ ಗೆರೆಯ ಕಥೆ ಅವನ ಕಿವಿಗೂ ಎಂದೋ ಬಿದ್ದಿತ್ತು. ಆ ದಿನ ಅವನು ಮೇಲೆ ಎಷ್ಟು ಹೊತ್ತು ಇದ್ದ, ಏನು ಮಾಡಿದ ಎಂಬುದನ್ನು ನೋಡಿದವರಿಲ್ಲ. ಇಳಿದು ಬರುವಾಗ ತಟ್ಟೆ ಬರಿದಾಗಿತ್ತು.

ಸಿದ್ದವ್ವ ತಲೆ ಎತ್ತದೆಯೇ, 'ಹೆಂಗವ್ರೆ?' ಎಂದಳು.

'ಚೆನ್ನಾಗವ್ರೆ ಕಣವ್ವಾ' ಎಂದ ಕೆಂಚ. 'ಅವ್ವ ನಿನ್ನ ಕೇಳಿದ್ಲು. ಓಬಜ್ಜ ಹೆಂಗವ್ನೆ ಅಂದ್ಲು. ಸುಖವಾಗಿ ಹೋದ ಅಂದೆ. ಹಂಗಾದ್ರೆ ಸರಿ ಅಂದ್ಲು.' ಸಿದ್ದವ್ವ ಅವನ ಕಾಲು ಹಿಡಿದುಕೊಂಡು ಅತ್ತಳಂತೆ. ಅವನು ಪಕ್ಕದಲ್ಲಿ ಕುಳಿತು, ಅವಳ ಅಳು ನಿಲ್ಲುವ ತನಕ ಕಾದು, ಮನೆಗೆ ಕರೆದುಕೊಂಡು ಹೋದ.

ನೀವು ಇಂದು ಗುಡ್ಡ ಹತ್ತಿದರೆ ಬಂಡೆಗಳ ಮುಂದೆ ಒಣಗಿದ ವೀಳ್ಯದೆಲೆಗಳನ್ನು ನೋಡುತ್ತೀರಿ. ಕೋಟೆಬೀದಿಯ ಮದುವೆಗಳ ಮೊದಲ ಕರೆ ಈಗಲೂ ಅಲ್ಲಿಗೇ ಹೋಗುತ್ತದೆ. ಊರ ಕಡೆಯಿಂದ ಹತ್ತುವ ಕಾಲುದಾರಿ ಚೆನ್ನಾಗಿ ಸವೆದಿದೆ. ಆಚೆ ಇಳಿಯುವ ದಾರಿ ಲಂಟಾನ ಬೆಳೆದು ಮುಚ್ಚಿಹೋಗಿದೆ, ಆ ಕಡೆಗೆ ಯಾರೂ ಇಳಿಯುವುದಿಲ್ಲ. ಇಳಿದು ಬರುವಾಗ ಬುಡದಲ್ಲಿ ಹುರಿಗಡಲೆ ಮಾರುವ ಹೆಂಗಸೋ, ಕುರಿ ಕಾಯುವ ಮುದುಕನೋ ನಿಮ್ಮನ್ನು ನಿಲ್ಲಿಸಿ, 'ಹೆಂಗವ್ರೆ?' ಎಂದು ಕೇಳುತ್ತಾರೆ. ಹೊರಗಿನಿಂದ ಬಂದ ಕೆಲವರು ತಬ್ಬಿಬ್ಬಾಗಿ, ಯಾರು, ಮೇಲೆ ಯಾರೂ ಇಲ್ಲವಲ್ಲ ಎನ್ನುತ್ತಾರೆ. ನೀವು ಹಾಗೆ ಅನ್ನಬೇಡಿ. ಚೆನ್ನಾಗಿದ್ದಾರೆ ಎನ್ನಿ.